ಕೃತಕ ಶ್ವಾಸಯಂತ್ರ ಮತ್ತು ರೋಗಿಯ ಕ್ಷೇಮ: ಒಂದು ಸಮೀಕ್ಷೆ

ಮಾಗಡಿ ತಾಲ್ಲೂಕಿನ ತಿಪ್ಪಸಂದ್ರ ಹೋಬಳಿಯಂಥ ಸೀಮೆಯಲ್ಲಿ, ರಾಗಿ, ಅವರೆ, ಹಿಪ್ಪುನೇರಳೆಗಳನ್ನು ನೆಚ್ಚಿ ಬಾಳುವ ಒಕ್ಕಲುಮಕ್ಕಳಿಗೆ ವೆಂಟಿಲೇಟರೆಂಬ ಯಂತ್ರದ ಪರಿಚಯವಾಗುವುದು ಬಹುಮಟ್ಟಿಗೆ ಮೂರು ದಾರಿಗಳಿಂದ. ಇರುಳಲ್ಲಿ ಹೊಲಕ್ಕೆ ನೀರು ಹಾಯಿಸಲು ಹೋದವನನ್ನು ನಾಗರಹಾವೋ, ನೆಲದ ಮೇಲೆ ಚಾಪೆ ಹಾಸಿ ಮಲಗಿದವನನ್ನು ಕಟ್ಟುಹಾವೋ ಕಚ್ಚುವುದು ಒಂದು. ಬೆಳೆಗೆ ಹೊಡೆಯಲು ತಂದ ಕೀಟನಾಶಕ ಮನೆಯ ಮನಸ್ತಾಪದ ದುರ್ಗಳಿಗೆಯಲ್ಲಿ ಮನುಷ್ಯನ ಹೊಟ್ಟೆಗೆ ಸೇರುವುದು ಇನ್ನೊಂದು. ರಸ್ತೆಯ ಅಪಘಾತ, ನ್ಯುಮೋನಿಯಾ, ರಕ್ತದ ನಂಜು ಮೊದಲಾದ ಸರ್ವಸಾಮಾನ್ಯ ವಿಪತ್ತುಗಳು ಮೂರನೆಯದು. ಈ ಮೂರರಲ್ಲಿಯೂ ಉಸಿರು ಸೋತಾಗ ಬಂಧುಗಳ ಕಿವಿಗೆ ಬೀಳುವ ಮಾತು ಒಂದೇ: ‘ವೆಂಟಿಲೇಟರಿಗೆ ಹಾಕಬೇಕು.’ ಆ ಮಾತನ್ನು ಕೆಲವರು ಮರಣಶಾಸನವೆಂದು ಭಾವಿಸಿ ಕಂಗೆಡುತ್ತಾರೆ. ಮತ್ತೆ ಕೆಲವರು, ಯಂತ್ರ ಸಿಕ್ಕಿತಲ್ಲಾ, ಇನ್ನು ಗಂಡಾಂತರ ಕಳೆಯಿತೆಂದು ನೆಮ್ಮದಿ ತಾಳುತ್ತಾರೆ. ಎರಡೂ ಭಾವನೆಗಳು ಸತ್ಯದಿಂದ ದೂರವಾದವು. ಯಂತ್ರವು ರೋಗವನ್ನು ಗುಣಪಡಿಸತಕ್ಕದ್ದಲ್ಲ, ಗುಣವಾಗಲು ಕಾಲಾವಕಾಶವನ್ನು ಮಾತ್ರ ಒದಗಿಸತಕ್ಕದ್ದು. ಆ ಅವಕಾಶವನ್ನು ಒದಗಿಸುವಾಗಲೇ ತನ್ನದೇ ಆದ ಕೆಲವು ಹಾನಿಗಳನ್ನೂ ತರತಕ್ಕದ್ದು. ಆ ಹಾನಿಗಳ ಸ್ವರೂಪವೇನು, ಅವುಗಳಲ್ಲಿ ತಡೆಯಬಹುದಾದವು ಎಷ್ಟು, ತಡೆಯುವವರು ಯಾರು ಎಂಬುದನ್ನು ಪರ್ಯಾಲೋಚಿಸುವುದು ಈ ಲೇಖನದ ಉದ್ದೇಶ.

ಯಂತ್ರದ ಉಪಕಾರವನ್ನು ಮೊದಲು ಒಪ್ಪಿಕೊಂಡೇ ಮುಂದುವರಿಯಬೇಕು. ಕಟ್ಟುಹಾವಿನ ವಿಷವು ನರ ಮತ್ತು ಸ್ನಾಯುಗಳ ಸಂಧಿಯನ್ನು ಸ್ತಬ್ಧಗೊಳಿಸುತ್ತದೆ. ಮೊದಲು ರೆಪ್ಪೆ ಜೋಲುತ್ತದೆ, ನಾಲಗೆ ತೊದಲುತ್ತದೆ, ಎಂಜಲು ನುಂಗಲಾಗುವುದಿಲ್ಲ. ಕಡೆಗೆ ಎದೆಯ ಸ್ನಾಯುಗಳೂ ವಪೆಯೂ ನಿಲ್ಲುತ್ತವೆ. ಕೈಕಾಲು ಆಡದೆ, ಕಣ್ಣಿನ ಪಾಪೆ ಬೆಳಕಿಗೆ ಕುಗ್ಗದೆ ಬಿದ್ದಿರುವ ಇಂಥ ರೋಗಿಯನ್ನು ಸತ್ತನೆಂದೇ ತಿಳಿಯುವ ಅಪಾಯವುಂಟು. ಆದರೆ ಒಳಗೆ ಅವನ ಪ್ರಜ್ಞೆ ಸಂಪೂರ್ಣವಾಗಿ ಎಚ್ಚರವಾಗಿದ್ದು, ಸುತ್ತಲಿನವರ ಮಾತೆಲ್ಲವೂ ಅವನಿಗೆ ಕೇಳಿಸುತ್ತಿರಬಹುದು. ಕೆಲವು ದಿನ ಉಸಿರಾಟವನ್ನು ಯಂತ್ರ ನಡೆಸಿಕೊಟ್ಟರೆ ಅಂಥವನು ಯಾವ ಊನವೂ ಇಲ್ಲದೆ ಮನೆಗೆ ನಡೆದು ಹೋಗುವುದು ಸಾಧ್ಯ. 2024ರ ಫೆಬ್ರವರಿಯಲ್ಲಿ ಕರ್ನಾಟಕ ಸರ್ಕಾರವು ಹಾವಿನ ಕಡಿತವನ್ನು ಕಡ್ಡಾಯವಾಗಿ ವರದಿಮಾಡಬೇಕಾದ ಕಾಯಿಲೆಯೆಂದು ಘೋಷಿಸಿದುದರ ಹಿನ್ನೆಲೆಯಲ್ಲಿ, ಹೀಗೆ ಉಳಿಸಬಹುದಾಗಿದ್ದ ಜೀವಗಳ ಲೆಕ್ಕವೇ ನಮ್ಮಲ್ಲಿರಲಿಲ್ಲವೆಂಬ ಕೊರತೆಯಿತ್ತು.

ಆರ್ಗನೋಫಾಸ್ಫೇಟ್ ವರ್ಗದ ಕೀಟನಾಶಕಗಳ ಕಥೆ ಇನ್ನೂ ಸೂಕ್ಷ್ಮವಾದುದು. ಬೆವರು, ಜೊಲ್ಲು, ಕಣ್ಣೀರು ಹರಿಯುವ ಮೊದಲ ಘಟ್ಟವನ್ನು ಅಟ್ರೋಪಿನ್ ಔಷಧದಿಂದ ದಾಟಿಸಿ, ರೋಗಿ ಎದ್ದು ಕುಳಿತು ಕಾಫಿ ಕುಡಿದನೆಂದು ಬಂಧುಗಳು ಹರ್ಷಿಸುತ್ತಿರುವಾಗಲೇ, ವಿಷ ಸೇರಿದ ಒಂದರಿಂದ ನಾಲ್ಕು ದಿನಗಳ ನಡುವೆ ಅವನ ಕುತ್ತಿಗೆ ಬಲಗುಂದಿ ಉಸಿರು ನಿಂತುಹೋಗುವುದುಂಟು. ಶ್ರೀಲಂಕೆಯ ವೈದ್ಯರಾದ ಸೇನಾನಾಯಕೆ ಮತ್ತು ಕರಳ್ಳಿಯದ್ದೆ ಎಂಬುವರು 1987ರಲ್ಲಿ ಈ ಘಟ್ಟಕ್ಕೆ ‘ಮಧ್ಯಂತರ’ವೆಂಬ ಹೆಸರಿಟ್ಟು ವಿವರಿಸಿದರು. ಇದನ್ನು ಮುಂದಾಗಿ ಅರಿಯುವ ಪರೀಕ್ಷೆಗೆ ಯಾವ ಉಪಕರಣವೂ ಬೇಡ. ‘ತಲೆದಿಂಬಿನಿಂದ ತಲೆ ಎತ್ತಪ್ಪ’ ಎಂದು ರೋಗಿಗೆ ಹೇಳಿ, ಎತ್ತಿದ ತಲೆಯನ್ನು ಅವನು ಹಿಡಿದಿರಬಲ್ಲನೇ ಎಂದು ನೋಡುವುದಷ್ಟೆ. ಬೆಳಿಗ್ಗೆ ಎತ್ತಿದವನು ಸಂಜೆ ಎತ್ತಲಾರದಾದರೆ ಯಂತ್ರವನ್ನು ಸಿದ್ಧಮಾಡಿಕೊಳ್ಳಬೇಕು. ಈ ನೋಟವು ತಪ್ಪಿದ ವಾರ್ಡಿನಲ್ಲಿ ಉಸಿರು ನಿಂತ ಬಳಿಕ ಗಡಿಬಿಡಿಯಿಂದ ನಳಿಗೆ ಹಾಕಬೇಕಾಗುತ್ತದೆ, ಮತ್ತು ಅವಸರದ ನಳಿಗೆಯೇ ಮುಂದಿನ ಅನೇಕ ಅನರ್ಥಗಳಿಗೆ ಮೂಲವಾಗುತ್ತದೆ.

ಚರಿತ್ರೆಯನ್ನು ಸಂಕ್ಷೇಪವಾಗಿ ನೆನೆಯುವುದಾದರೆ, 1928ರಲ್ಲಿ ಅಮೆರಿಕದ ಬಾಸ್ಟನ್ನಿನಲ್ಲಿ ಡ್ರಿಂಕರ್ ಮತ್ತು ಶಾ ಎಂಬುವರು ಬಳಕೆಗೆ ತಂದ ‘ಕಬ್ಬಿಣದ ಶ್ವಾಸಕೋಶ’ವು ರೋಗಿಯ ಕತ್ತಿನ ಕೆಳಗಿನ ದೇಹವನ್ನೆಲ್ಲ ಒಂದು ಪೆಟ್ಟಿಗೆಯೊಳಗಿಟ್ಟು, ಹೊರಗಿನ ಒತ್ತಡವನ್ನು ತಗ್ಗಿಸಿ ಎದೆ ತಾನಾಗಿ ಅರಳುವಂತೆ ಮಾಡುತ್ತಿತ್ತು. 1952ರಲ್ಲಿ ಕೋಪನ್‌ಹೇಗನ್ ನಗರದ ಬ್ಲೆಗ್‌ಡಮ್ ಆಸ್ಪತ್ರೆಯನ್ನು ಪೋಲಿಯೋ ಪಿಡುಗು ಮುತ್ತಿದಾಗ, ಉಸಿರಾಟ ಕುಸಿದ ಮೊದಲ 31 ಮಂದಿಯಲ್ಲಿ 27 ಮಂದಿ ತೀರಿಕೊಂಡರು. ಆಗ ಅರಿವಳಿಕೆ ತಜ್ಞನಾದ ಬ್ಯೋರ್ನ್ ಇಬ್ಸೆನ್, ಕತ್ತಿನಲ್ಲಿ ರಂಧ್ರಮಾಡಿ ನಳಿಗೆಯಿರಿಸಿ ಕೈಚೀಲದಿಂದ ಗಾಳಿಯನ್ನು ಒಳನೂಕುವ ಕ್ರಮವನ್ನು ತಂದನು. ಯಂತ್ರಗಳು ಸಾಲದಿದ್ದುದರಿಂದ ಸುಮಾರು 1500 ಮಂದಿ ವೈದ್ಯವಿದ್ಯಾರ್ಥಿಗಳು ಸರದಿಯ ಮೇಲೆ ಕುಳಿತು ಹಗಲಿರುಳೂ ಆ ಚೀಲಗಳನ್ನು ಹಿಸುಕಿದರು. ಮರಣಗಳು ಗಣನೀಯವಾಗಿ ಇಳಿದವು. ತೀವ್ರ ನಿಗಾ ಘಟಕವೆಂಬ ಸಂಸ್ಥೆ ಹುಟ್ಟಿದ್ದು ಇಲ್ಲಿಂದ. ಇಲ್ಲಿ ಗಮನಿಸತಕ್ಕ ಅಂಶವೊಂದಿದೆ: ಆ ಪಿಡುಗಿನಲ್ಲಿ ಜೀವ ಉಳಿಸಿದ್ದು, ಪ್ರತಿಯೊಬ್ಬ ರೋಗಿಯ ಮಗ್ಗುಲಲ್ಲಿ ಪ್ರತಿ ಗಳಿಗೆಯೂ ಒಬ್ಬ ಮನುಷ್ಯನು ಕಣ್ಣಿಟ್ಟು ಕುಳಿತಿದ್ದ ವ್ಯವಸ್ಥೆ. ತರುವಾಯ ಯಂತ್ರವು ಕೈಚೀಲದ ಸ್ಥಾನವನ್ನು ಆಕ್ರಮಿಸಿತು. ಆದರೆ ಆ ಕಣ್ಣಿನ ಸ್ಥಾನವನ್ನು ಅದು ಆಕ್ರಮಿಸಲಾರದು.

ಇನ್ನು ಹಾನಿಗಳ ವಿಚಾರ. ಸ್ವಾಭಾವಿಕವಾದ ಉಸಿರಿನಲ್ಲಿ ಎದೆಗೂಡು ಹಿಗ್ಗಿ ಗಾಳಿಯನ್ನು ಸೆಳೆದುಕೊಳ್ಳುತ್ತದೆ; ಯಂತ್ರವಾದರೋ ಗಾಳಿಯನ್ನು ಒಳಕ್ಕೆ ನೂಕುತ್ತದೆ. ಈ ಒಂದು ವೈಪರೀತ್ಯದಿಂದಲೇ ಮುಖ್ಯವಾದ ಹಾನಿಗಳ ಒಂದು ಗುಂಪು ಹುಟ್ಟುತ್ತದೆ. ಎದೆಯೊಳಗಿನ ಒತ್ತಡ ಏರಿದ ಕಾರಣ ಹೃದಯಕ್ಕೆ ಮರಳುವ ರಕ್ತ ಕಡಿಮೆಯಾಗಿ, ನಳಿಗೆ ಹಾಕಿದ ಕೆಲವೇ ನಿಮಿಷಗಳಲ್ಲಿ ರಕ್ತದೊತ್ತಡ ಕುಸಿಯಬಹುದು. ವಾಯುಕೋಶಗಳು ಬಿರಿದು ಗಾಳಿಯು ಎದೆಗೋಡೆಯ ಒಳಗೆ ಸೇರಿಕೊಂಡು ಶ್ವಾಸಕೋಶವನ್ನೇ ಅದುಮಬಹುದು. ಇವು ಕಣ್ಣಿಗೆ ಕಾಣುವ ಅಪಾಯಗಳು. ಕಣ್ಣಿಗೆ ಕಾಣದೆ ನಡೆಯುವುದು ಇನ್ನೂ ಘೋರ: 1974ರಲ್ಲಿ ವೆಬ್ ಮತ್ತು ಟಿಯರ್ನಿ ಎಂಬ ಸಂಶೋಧಕರು ಆರೋಗ್ಯವಂತ ಇಲಿಗಳಿಗೆ ಅಧಿಕ ಒತ್ತಡದಲ್ಲಿ ಉಸಿರು ಕೊಟ್ಟು, ಒಂದು ಗಂಟೆಯೊಳಗಾಗಿ ಅವುಗಳ ಶ್ವಾಸಕೋಶಗಳಲ್ಲಿ ನೀರು ತುಂಬಿಕೊಳ್ಳುವುದನ್ನು ತೋರಿಸಿದರು. ರೋಗವೇ ಇಲ್ಲದ ಅಂಗವನ್ನು ಚಿಕಿತ್ಸೆಯೇ ರೋಗಗ್ರಸ್ತವಾಗಿಸಬಲ್ಲುದೆಂಬುದು ಅಂದಿಗೆ ಸಿದ್ಧವಾಯಿತು.

ಆದರೂ ಈ ಅರಿವು ರೋಗಿಯ ಹಾಸಿಗೆಯ ಬಳಿಗೆ ಬರಲು ಕಾಲು ಶತಮಾನ ಹಿಡಿಯಿತು. ಅಮೆರಿಕದ ಅನೇಕ ಆಸ್ಪತ್ರೆಗಳು ಕೂಡಿ 861 ಮಂದಿ ತೀವ್ರ ಶ್ವಾಸಕೋಶಾಘಾತದ ರೋಗಿಗಳ ಮೇಲೆ ನಡೆಸಿ 2000ದಲ್ಲಿ ಪ್ರಕಟಿಸಿದ ಪ್ರಯೋಗವು, ಪ್ರತಿ ಉಸಿರಿಗೆ ದೇಹಮಾನದ ಕಿಲೋ ಒಂದಕ್ಕೆ 12 ಮಿಲಿಲೀಟರು ಕೊಡುತ್ತಿದ್ದ ಹಳೆಯ ವಾಡಿಕೆಯನ್ನು 6 ಮಿಲಿಲೀಟರಿಗೆ ಇಳಿಸಿದರೆ ಮರಣವು ನೂರಕ್ಕೆ 39.8ರಿಂದ 31ಕ್ಕೆ ಇಳಿಯುವುದೆಂದು ತೋರಿಸಿತು. ಹೊಸ ಔಷಧವಿಲ್ಲ, ಹೊಸ ಯಂತ್ರವಿಲ್ಲ. ಹಳೆಯ ಯಂತ್ರದ ಗುಂಡಿಯನ್ನು ಹಿಂದಕ್ಕೆ ತಿರುಗಿಸಿದ್ದಷ್ಟೆ. ಇಲ್ಲಿ ದೇಹಮಾನವೆಂದರೆ ತಕ್ಕಡಿಯ ತೂಕವಲ್ಲ, ಎತ್ತರದಿಂದ ಎಣಿಸಿದ ತೂಕ. ಏಕೆಂದರೆ ಮೈಯಲ್ಲಿ ಕೊಬ್ಬು ಬೆಳೆದ ಮಾತ್ರಕ್ಕೆ ಶ್ವಾಸಕೋಶ ಬೆಳೆಯುವುದಿಲ್ಲ. ನಮ್ಮ ಕಡೆಯ ಐದಡಿ ಎತ್ತರದ ಹೆಂಗಸೊಬ್ಬಳನ್ನು ತೆಗೆದುಕೊಳ್ಳೋಣ. ಸೂತ್ರದಂತೆ ಅವಳ ತೂಕ ಸುಮಾರು 45 ಕಿಲೋ, ಅವಳಿಗೆ ಸಲ್ಲತಕ್ಕ ಉಸಿರು ಸುಮಾರು 270 ಮಿಲಿಲೀಟರು. ಅವಳು 70 ಕಿಲೋ ತೂಗುತ್ತಾಳೆಂದು ನೋಡಿ ಕಿಲೋಗೆ 8ರಂತೆ ಲೆಕ್ಕ ಹಾಕಿದರೆ 560 ಆಗುತ್ತದೆ. ಸಲ್ಲತಕ್ಕದ್ದರ ಇಮ್ಮಡಿಗೂ ಮಿಕ್ಕುತ್ತದೆ. ಈ ಪ್ರಮಾದವನ್ನು ತಡೆಯುವ ಸಾಧನ ದರ್ಜಿಯ ಕೊರಳಲ್ಲಿ ನೇತಾಡುವ ಅಳತೆಪಟ್ಟಿ. ರೋಗಿ ಒಳಬಂದ ಕೂಡಲೆ ತಲೆಯಿಂದ ಹಿಮ್ಮಡಿಯವರೆಗೆ ಅಳೆದು, ಆ ಅಂಕಿಯನ್ನು ಮಂಚದ ತಲೆಗಡೆ ಬರೆದಿಟ್ಟರೆ ಅರ್ಧ ಕೆಲಸ ಮುಗಿಯಿತು. ಶ್ವಾಸಕೋಶದೊಳಗಿನ ಒತ್ತಡ 30 ಸೆಂಟಿಮೀಟರು ನೀರಿನ ಮಟ್ಟವನ್ನು ಮೀರದಂತೆ ನೋಡಿಕೊಳ್ಳುವುದು ಉಳಿದರ್ಧ. ತೀವ್ರ ಪ್ರಕರಣಗಳಲ್ಲಿ ರೋಗಿಯನ್ನು ದಿನಕ್ಕೆ ಹದಿನಾರು ಗಂಟೆಯಷ್ಟು ಕಾಲ ಬೋರಲು ಮಲಗಿಸುವುದರಿಂದ 28 ದಿನಗಳೊಳಗಿನ ಮರಣವು ನೂರಕ್ಕೆ 32.8ರಿಂದ 16ಕ್ಕೆ ಇಳಿದುದನ್ನು ಫ್ರಾನ್ಸಿನ ವೈದ್ಯರು 2013ರಲ್ಲಿ ಪ್ರಕಟಿಸಿದರು. ಅದಕ್ಕೂ ಬೇಕಾದದ್ದು ನಳಿಗೆ ಜಾರದಂತೆ ಮೈಹೊರಳಿಸಬಲ್ಲ ನಾಲ್ಕೈದು ಜೊತೆ ಕೈಗಳು.

ಎರಡನೆಯ ಗುಂಪಿನ ಹಾನಿಗಳಿಗೆ ಮೂಲ, ಯಂತ್ರಕ್ಕೂ ರೋಗಿಗೂ ಸಂಬಂಧ ಕಲ್ಪಿಸುವ ನಳಿಗೆ. ಗಂಟಲಿನ ಮೂಲಕ ಶ್ವಾಸನಾಳಕ್ಕೆ ಇಳಿದ ಈ ಕೊಳವೆಯು ಕೆಮ್ಮೆಂಬ ಪ್ರಕೃತಿದತ್ತ ಕಾವಲನ್ನು ನಿಷ್ಫಲಗೊಳಿಸುತ್ತದೆ. ಅದರ ತುದಿಯಲ್ಲಿ ಗಾಳಿ ತುಂಬಿದ ಪಟ್ಟಿಯೊಂದಿದೆ. ಅದಕ್ಕೆ ಕಫ್ ಎನ್ನುತ್ತಾರೆ. ಬಾಯಿಯ ಎಂಜಲು, ಹೊಟ್ಟೆಯಿಂದ ಉಕ್ಕಿದ ರಸ ಇವೆಲ್ಲವೂ ಆ ಕಫ್‌ನ ಮೇಲೆ ಮಡುಗಟ್ಟಿ, ಅದರ ಅಂಚಿನಿಂದ ಹನಿಹನಿಯಾಗಿ ಶ್ವಾಸಕೋಶಕ್ಕೆ ಇಳಿಯುತ್ತವೆ. ಯಂತ್ರದ ಮೇಲೆ ಎರಡು ದಿನ ಕಳೆದ ನಂತರ ತಲೆದೋರುವ ನ್ಯುಮೋನಿಯಾಕ್ಕೆ ಇದೇ ಮುಖ್ಯ ಕಾರಣ. ಭಾರತದ ನಿಗಾ ಘಟಕಗಳಲ್ಲಿ ಇದನ್ನು ತರುವ ರೋಗಾಣುಗಳು ಹೆಚ್ಚಾಗಿ ಅಸಿನೆಟೊಬ್ಯಾಕ್ಟರ್, ಕ್ಲೆಬ್ಸಿಯೆಲ್ಲ, ಸ್ಯೂಡೊಮೊನಾಸ್ ಎಂಬುವು. ಕಾರ್ಬಪೆನೆಮ್‌ನಂಥ ಪ್ರಬಲ ಔಷಧಗಳಿಗೂ ಅವುಗಳಲ್ಲಿ ಅನೇಕವು ಮಣಿಯದಾಗಿರುವುದರಿಂದ, ಬಂದ ಮೇಲೆ ಗುಣಪಡಿಸುವುದಕ್ಕಿಂತ ಬಾರದಂತೆ ತಡೆಯುವುದೇ ವಿವೇಕ.

ತಡೆಯುವ ಉಪಾಯಗಳನ್ನು ಎಣಿಸಿದರೆ ಅವುಗಳ ಸರಳತೆ ಆಶ್ಚರ್ಯವನ್ನುಂಟುಮಾಡುತ್ತದೆ. ಮುಟ್ಟುವ ಮುನ್ನ ಕೈ ತೊಳೆಯುವುದು; ಮಂಚದ ತಲೆಗಡೆಯನ್ನು 30ರಿಂದ 45 ಡಿಗ್ರಿಯವರೆಗೆ ಎತ್ತಿರಿಸುವುದು; ಕಫ್‌ನ ಒತ್ತಡವನ್ನು 20ರಿಂದ 30 ಸೆಂಟಿಮೀಟರು ನೀರಿನ ಮಟ್ಟದೊಳಗೆ ಕಾಯುವುದು; ಹಲ್ಲುಜ್ಜಿ ಬಾಯಿಯನ್ನು ಶುಚಿಯಾಗಿಡುವುದು; ಕೊಳವೆಗಳಲ್ಲಿ ಕಟ್ಟಿಕೊಂಡ ನೀರು ರೋಗಿಯ ಕಡೆ ಹರಿಯದಂತೆ ಚೆಲ್ಲುವುದು; ನಿದ್ರೆಯ ಔಷಧವನ್ನು ದಿನಕ್ಕೊಮ್ಮೆ ತಡೆದು ರೋಗಿ ಎಚ್ಚರಗೊಳ್ಳುವನೇ, ಸ್ವಂತ ಉಸಿರಿಗೆ ಸಿದ್ಧನೇ ಎಂದು ಪರೀಕ್ಷಿಸುವುದು. 1999ರಲ್ಲಿ ಬಾರ್ಸಿಲೋನಾದ ವೈದ್ಯರು 86 ರೋಗಿಗಳನ್ನು ಎರಡು ಪಂಗಡ ಮಾಡಿ, ಅಂಗಾತ ಮಲಗಿಸಿದವರಲ್ಲಿ ನೂರಕ್ಕೆ 34 ಮಂದಿಗೆ ನ್ಯುಮೋನಿಯಾದ ಶಂಕೆ ಬಂದರೆ, ತಲೆ ಎತ್ತರಿಸಿ ಮಲಗಿಸಿದವರಲ್ಲಿ ಅದು 8ಕ್ಕೆ ಮಾತ್ರ ಸೀಮಿತವಾದುದನ್ನು ಕಂಡರು. 2000ದಲ್ಲಿ ಷಿಕಾಗೋದ 128 ಮಂದಿ ರೋಗಿಗಳ ಪ್ರಯೋಗದಲ್ಲಿ, ನಿದ್ರೆಯ ಔಷಧವನ್ನು ದಿನಕ್ಕೊಮ್ಮೆ ನಿಲ್ಲಿಸಿದ ಪಂಗಡವು 4.9 ದಿನಗಳಲ್ಲಿ ಯಂತ್ರದಿಂದ ಬಿಡುಗಡೆ ಹೊಂದಿತು. ಉಳಿದ ಪಂಗಡಕ್ಕೆ 7.3 ದಿನ ಬೇಕಾಯಿತು. ಇವೆಲ್ಲವೂ ದಿನದಿನವೂ, ಯಾರೂ ನೋಡದ ಹೊತ್ತಿನಲ್ಲಿಯೂ, ತಪ್ಪದೆ ನಡೆಯಬೇಕಾದ ಕೆಲಸಗಳು. ಇವುಗಳಲ್ಲಿ ಯಾವುದನ್ನೂ ಯಂತ್ರ ತಾನೇ ಮಾಡಿಕೊಳ್ಳುವುದಿಲ್ಲ.

ಮೂರನೆಯವು ಆಕಸ್ಮಿಕಗಳು. ಕಫ ಒಣಗಿ ನಳಿಗೆ ಕಟ್ಟುವುದು; ಪಕ್ಕಕ್ಕೆ ಹೊರಳಿಸುವಾಗ ನಳಿಗೆ ಕಳಚುವುದು; ಭ್ರಾಂತಿಗೊಂಡ ರೋಗಿ ತಾನೇ ಅದನ್ನು ಕಿತ್ತುಕೊಳ್ಳುವುದು; ನಳಿಗೆ ಆಳಕ್ಕಿಳಿದು ಬಲ ಶ್ವಾಸಕೋಶಕ್ಕೆ ಮಾತ್ರ ಗಾಳಿ ಹೋಗುವುದು. ಯಂತ್ರವೇನೋ ಇಂಥ ಸಮಯದಲ್ಲಿ ಕೂಗಿಕೊಳ್ಳುತ್ತದೆ. ಆದರೆ ದಿನವಿಡೀ ಸಣ್ಣಪುಟ್ಟದಕ್ಕೆಲ್ಲ ಕೂಗುವ ಯಂತ್ರಗಳ ನಡುವೆ ದುಡಿಯುವವರ ಕಿವಿ ಆ ಕೂಗಿಗೆ ಮೊದ್ದಾಗುವುದು ಮನುಷ್ಯಸಹಜ. ಬೇಸತ್ತು ಅಲಾರಾಮಿನ ಸದ್ದನ್ನೇ ಅಡಗಿಸುವುದೂ ಉಂಟು. ಅನುಭವಿಗಳಾದ ಸಿಸ್ಟರುಗಳು ಹೊಸಬರಿಗೆ ಹೇಳಿಕೊಡುವ ಪಾಠವೊಂದಿದೆ: ಕೂಗು ಕೇಳಿದರೆ ಪರದೆಯನ್ನಲ್ಲ, ಮೊದಲು ರೋಗಿಯ ಎದೆಯನ್ನು ನೋಡು, ಕಾರಣ ತಿಳಿಯದಿದ್ದರೆ ಯಂತ್ರವನ್ನು ಕಳಚಿ ಆಂಬುಬ್ಯಾಗೆಂಬ ಕೈಚೀಲದಿಂದ ಉಸಿರು ಕೊಡು, ಅದೂ ಒಳಹೋಗದಿದ್ದರೆ ಕೊಳವೆ ಕಟ್ಟಿದೆ ಅಥವಾ ಎದೆಯಲ್ಲಿ ಗಾಳಿ ತುಂಬಿದೆ. ಆದುದರಿಂದಲೇ ಪ್ರತಿಯೊಂದು ಮಂಚದ ತಲೆಗಡೆಯಲ್ಲೂ ಆಂಬುಬ್ಯಾಗೊಂದು ಕೈಗೆಟಕುವಂತೆ ತೂಗುತ್ತಿರಬೇಕು, ಬೀರುವಿನಲ್ಲಿ ಬೀಗದ ಹಿಂದೆ ಇರಕೂಡದು.

ನಾಲ್ಕನೆಯವು ನಿಧಾನವಾಗಿ ಒದಗುವ ಹಾನಿಗಳು. 2008ರಲ್ಲಿ ಅಮೆರಿಕದ ಸಂಶೋಧಕರು, ಕೇವಲ 18ರಿಂದ 69 ಗಂಟೆಗಳ ಕಾಲ ಯಂತ್ರವೇ ಪೂರ್ಣವಾಗಿ ಉಸಿರಾಡಿಸಿದ ದೇಹಗಳಲ್ಲಿ ವಪೆಯ ಸ್ನಾಯುತಂತುಗಳು ಅರ್ಧಕ್ಕೂ ಹೆಚ್ಚು ಸೊರಗಿದುದನ್ನು ತೋರಿಸಿದರು. ಬೇಕಾದುದಕ್ಕಿಂತ ಒಂದು ದಿನ ಹೆಚ್ಚಾಗಿ ಇರಿಸಿಕೊಂಡ ಯಂತ್ರವು ತನ್ನ ಮೇಲಿನ ಅವಲಂಬನವನ್ನು ತಾನೇ ಬೆಳೆಸುತ್ತದೆಂದು ಇದರಿಂದ ವಿದಿತವಾಗುತ್ತದೆ. ಇದರೊಡನೆ ಬೆನ್ನಿನ ಹುಣ್ಣು, ಕಾಲಿನ ರಕ್ತನಾಳಗಳಲ್ಲಿ ಹೆಪ್ಪು, ಜಠರದ ರಕ್ತಸ್ರಾವ, ಚಿತ್ತಭ್ರಮೆ ಇವು ಸೇರುತ್ತವೆ. ಕಫ್ ಬಿಗಿಯಾದುದರಿಂದ ಶ್ವಾಸನಾಳದ ಗೋಡೆ ಗಾಯವಾಗಿ, ಮನೆಗೆ ಹೋದ ಕೆಲವು ವಾರಗಳ ತರುವಾಯ ಮಾರ್ಗ ಕಿರಿದಾಗಿ, ಮೆಟ್ಟಿಲೇರುವಾಗ ಸಿಳ್ಳೆಯಂಥ ಉಸಿರು ಬರುವುದುಂಟು. ಇದನ್ನು ಆಸ್ತಮಾವೆಂದು ಭ್ರಮಿಸಿ ತಿಂಗಳುಗಟ್ಟಲೆ ಇನ್‌ಹೇಲರು ಎಳೆಯುವವರಿದ್ದಾರೆ. ಬಿಡುಗಡೆಯ ಚೀಟಿಯಲ್ಲಿ ‘ಇಷ್ಟು ದಿನ ನಳಿಗೆ ಇತ್ತು’ ಎಂಬ ಒಂದು ಸಾಲನ್ನು ಬರೆದುಕೊಟ್ಟರೆ, ಊರಿನ ವೈದ್ಯನು ಸರಿಯಾದ ಶಂಕೆಯನ್ನು ತಾಳಲು ಅನುಕೂಲವಾಗುತ್ತದೆ.

ಇಷ್ಟೂ ಮಂಚದ ಸುತ್ತಲಿನ ಮಾತು. ಯಂತ್ರಕ್ಕೆ ಆಹಾರವಾದ ಆಮ್ಲಜನಕ ಮತ್ತು ವಿದ್ಯುತ್ತುಗಳ ಕ್ಷೇಮವೂ ರೋಗಿಯ ಕ್ಷೇಮವೇ ಎಂಬುದನ್ನು ಕರ್ನಾಟಕವು ದುಬಾರಿ ಬೆಲೆ ತೆತ್ತು ಕಲಿಯಬೇಕಾಯಿತು. 2020ರಲ್ಲಿ ಕೊರೋನಾ ಪಿಡುಗು ಬಂದಾಗ ಮೈಸೂರಿನ ಸ್ಕ್ಯಾನ್‌ರೇ ಸಂಸ್ಥೆಯ ವಿನ್ಯಾಸವನ್ನು ಆಧರಿಸಿ ಬೆಂಗಳೂರಿನ ಬಿ.ಇ.ಎಲ್. ಕಾರ್ಖಾನೆಗೆ 30,000 ವೆಂಟಿಲೇಟರುಗಳ ಬೇಡಿಕೆ ಕೊಡಲಾಯಿತು. ನಾಡಿನ ಯಂತ್ರೋದ್ಯಮಕ್ಕೆ ಇದು ಹೆಮ್ಮೆಯ ಸಂಗತಿಯೇ ಸರಿ. ಆದರೆ 2021ರ ಮೇ 2 ಮತ್ತು 3ರ ನಡುವಣ ಇರುಳಿನಲ್ಲಿ ಚಾಮರಾಜನಗರದ ಜಿಲ್ಲಾಸ್ಪತ್ರೆಯಲ್ಲಿ ಆಮ್ಲಜನಕ ಬರಿದಾಗಿ, ಒಂದು ದಿನದ ಅವಧಿಯಲ್ಲಿ 24 ಮಂದಿ ರೋಗಿಗಳು ಅಸುನೀಗಿದರು. ಉಚ್ಚ ನ್ಯಾಯಾಲಯದ ಆದೇಶದಂತೆ ನಿವೃತ್ತ ನ್ಯಾಯಮೂರ್ತಿ ಎ.ಎನ್. ವೇಣುಗೋಪಾಲಗೌಡರ ನೇತೃತ್ವದಲ್ಲಿ ನಡೆದ ವಿಚಾರಣೆಯು ಆಮ್ಲಜನಕದ ಅಭಾವವನ್ನು ಎತ್ತಿ ತೋರಿಸಿತು. 2022ರ ಸೆಪ್ಟೆಂಬರಿನಲ್ಲಿ ಬಳ್ಳಾರಿಯ ವಿಮ್ಸ್ ಆಸ್ಪತ್ರೆಯ ನಿಗಾ ಘಟಕದಲ್ಲಿ ವಿದ್ಯುತ್ತು ಕಡಿದು ವೆಂಟಿಲೇಟರುಗಳು ನಿಂತು ರೋಗಿಗಳು ಸತ್ತರೆಂದು ಬಂಧುಗಳು ಆರೋಪಿಸಿದರು. ಮರಣಕ್ಕೆ ಅದು ಕಾರಣವಲ್ಲವೆಂದು ಸರ್ಕಾರದ ಕಡೆಯವರು ಹೇಳಿದರು. ವಿಚಾರಣೆಗೆ ಸಮಿತಿ ನೇಮಕವಾಯಿತು, ವಿಧಾನಸಭೆಯಲ್ಲಿ ಚರ್ಚೆಯೂ ನಡೆಯಿತು. ಕಾರಣದ ವಿವಾದ ಏನೇ ಇರಲಿ, ಮುಖ್ಯ ತಂತಿ ಕೈಕೊಟ್ಟಾಗ ಜನರೇಟರು ಎಷ್ಟು ಕ್ಷಣಗಳಲ್ಲಿ ಹೊತ್ತಿಕೊಳ್ಳುವುದು, ಯಂತ್ರದೊಳಗಿನ ಬ್ಯಾಟರಿ ಎಷ್ಟು ನಿಮಿಷ ತಾಳುವುದು ಎಂಬ ಪ್ರಶ್ನೆಗಳಿಗೆ ಉತ್ತರವು ದುರಂತದ ಮುಂಚೆಯೇ ಕಡತದಲ್ಲಿ ಇರಬೇಕಾದದ್ದು.

ಹಳ್ಳಿಯ ರೋಗಿಗೆ ಮತ್ತೊಂದು ಗಂಡಾಂತರ ದಾರಿಯದು. 2025ರಲ್ಲಿ ಬೆಂಗಳೂರು ದಕ್ಷಿಣವೆಂದು ಹೊಸ ಹೆಸರು ಪಡೆದ ರಾಮನಗರ ಜಿಲ್ಲೆಯ ಮಾಗಡಿ ಕಡೆಯಿಂದ ಉಸಿರು ಸೋತ ರೋಗಿಯನ್ನು ಹೆಚ್ಚಾಗಿ ಬೆಂಗಳೂರಿಗೇ ಒಯ್ಯುತ್ತಾರೆ. ಮಾಗಡಿಯಿಂದ ಬೆಂಗಳೂರು ಐವತ್ತು ಕಿಲೋಮೀಟರಿನ ಆಸುಪಾಸಾದರೂ, ನಗರದ ಅಂಚನ್ನು ಮುಟ್ಟಿದ ಮೇಲೆ ವಾಹನಗಳ ದಟ್ಟಣೆಯಲ್ಲಿ ಕಳೆಯುವ ಕಾಲವನ್ನು ದೂರದಿಂದ ಅಳೆಯಲಾಗದು. ಆಂಬುಲೆನ್ಸಿನಲ್ಲಿ ಸಾಮಾನ್ಯವಾಗಿರುವ ಬಿ-ಮಾದರಿಯ ಸಿಲಿಂಡರಿನಲ್ಲಿ ಸುಮಾರು 1500 ಲೀಟರು ಆಮ್ಲಜನಕವಿರುತ್ತದೆ. ನಿಮಿಷಕ್ಕೆ ಹತ್ತು ಲೀಟರಿನಂತೆ ವ್ಯಯವಾದರೆ ಎರಡೂವರೆ ಗಂಟೆ. ಸಿಲಿಂಡರು ಅರ್ಧ ಬರಿದಾಗಿದ್ದರೆ ಒಂದೂಕಾಲು ಗಂಟೆ ಮಾತ್ರ. ಗಾಡಿ ಹೊರಡುವ ಮುನ್ನ ಗೇಜಿನ ಮುಳ್ಳನ್ನು ನೋಡಿ ಈ ಭಾಗಾಕಾರವನ್ನು ಮಾಡತಕ್ಕದ್ದು, ನಳಿಗೆಯನ್ನು ಭದ್ರವಾಗಿ ಕಟ್ಟತಕ್ಕದ್ದು, ಹೋಗುವ ಆಸ್ಪತ್ರೆಯಲ್ಲಿ ಮಂಚ ಖಾಲಿಯಿದೆಯೆಂದು ಫೋನಿನಲ್ಲಿ ಖಚಿತಪಡಿಸಿಕೊಳ್ಳತಕ್ಕದ್ದು. ಯಂತ್ರದ ಅಗತ್ಯವೇ ಬೀಳದಂತೆ ಮಾಡುವ ಕ್ರಮಗಳೂ ಇವೆ: ಫೋರೇಟ್, ರೇಷ್ಮೆ ಸೀಮೆಯ ಹಿಪ್ಪುನೇರಳೆಗೆ ಬಹುಕಾಲ ಬಳಕೆಯಲ್ಲಿದ್ದ ಡೈಕ್ಲೋರ್‌ವಾಸ್ ಮೊದಲಾದ ಕೆಲವು ಉಗ್ರ ವಿಷಗಳನ್ನು ಕೇಂದ್ರ ಸರ್ಕಾರವು 2018ರ ಆದೇಶದಂತೆ 2020ರ ಕೊನೆಯ ದಿನದಿಂದ ನಿಷೇಧಿಸಿದ್ದು ಅವುಗಳಲ್ಲೊಂದು. ಅಂಗಡಿಗಳಲ್ಲಿ ಆ ನಿಷೇಧವು ಪಾಲನೆಯಾಗುವುದೂ ರೋಗಿಯ ಕ್ಷೇಮದ ಒಂದು ಅಧ್ಯಾಯವೇ.

ಯಂತ್ರವನ್ನು ಯಾವಾಗ ಹಾಕಬಾರದು, ಹಾಕಿದುದನ್ನು ಯಾವಾಗ ತೆಗೆಯಬೇಕು ಎಂಬುದೂ ಇದೇ ಪ್ರಶ್ನೆಯ ಅಂಗ. ಗುಣವಾಗುವ ಆಸೆಯಿಲ್ಲದ ರೋಗಿಯ ಮರಣವನ್ನು ಯಂತ್ರದಿಂದ ದೀರ್ಘಗೊಳಿಸುವುದು ಉಪಕಾರವಲ್ಲ. 2018ರ ಸರ್ವೋಚ್ಚ ನ್ಯಾಯಾಲಯದ ತೀರ್ಪು, 2023ರಲ್ಲಿ ಅದಕ್ಕೆ ಮಾಡಿದ ಸರಳೀಕರಣ, ಅದನ್ನು ಜಾರಿಗೆ ತರಲು ಕರ್ನಾಟಕ ಸರ್ಕಾರ 2025ರ ಜನವರಿಯಲ್ಲಿ ಹೊರಡಿಸಿದ ಆದೇಶ, ಇವು ಈಗ ಇಂಥ ರೋಗಿಯಿಂದ ಯಂತ್ರವನ್ನು ತೆಗೆಯುವ ಮಾರ್ಗವನ್ನು ತೆರೆದಿವೆ. ಇಷ್ಟಾದರೂ ದಿನದ ವೆಚ್ಚ ತಾಳಲಾರದೆ, ಹೊಲದ ಮೇಲೆ ಸಾಲ ಎತ್ತಿದ ಬಳಿಕ, ಬದುಕಬಹುದಾದ ರೋಗಿಯನ್ನೂ ಬಂಧುಗಳು ಸಹಿ ಮಾಡಿ ಮನೆಗೆ ಕೊಂಡೊಯ್ಯುವುದುಂಟು. ಅದನ್ನೂ ಇದನ್ನೂ ಒಂದೇ ಎಂದು ಭಾವಿಸಲಾಗದು. ಮೊದಲನೆಯದು ವಿವೇಕದ ನಿರ್ಣಯ, ಎರಡನೆಯದು ಬಡತನದ ಬಲಾತ್ಕಾರ.

ಹೀಗೆ ಎಲ್ಲ ಕಡೆಯಿಂದ ನೋಡಿದರೂ ವಿಚಾರ ಬಂದು ನಿಲ್ಲುವುದು ಒಂದೇ ಸ್ಥಳದಲ್ಲಿ: ಯಂತ್ರದಿಂದಾಗುವ ಹಾನಿಯ ಬಹುಭಾಗ ತಡೆಯಬಹುದಾದದ್ದು, ಮತ್ತು ಅದನ್ನು ತಡೆಯುವವಳು ಮಗ್ಗುಲಲ್ಲಿ ನಿಂತ ಶುಶ್ರೂಷಕಿ. ವೆಂಟಿಲೇಟರಿನಲ್ಲಿರುವ ಒಬ್ಬ ರೋಗಿಗೆ ಒಬ್ಬ ಶುಶ್ರೂಷಕಿ ಇರಬೇಕೆಂದು ನಮ್ಮ ದೇಶದ ತೀವ್ರನಿಗಾ ವೈದ್ಯರ ಸಂಘವೇ ಹೇಳಿದೆ. ದಿನಕ್ಕೆ ಮೂರು ಪಾಳಿ, ವಾರದ ರಜೆ, ಹೆರಿಗೆಯ ರಜೆ, ಕಾಯಿಲೆಯ ರಜೆ ಇವನ್ನೆಲ್ಲ ಕೂಡಿಸಿದರೆ ಒಂದು ಮಂಚಕ್ಕೆ ನಾಲ್ಕೈದು ಹುದ್ದೆಗಳಾದರೂ ಬೇಕಾಗುತ್ತವೆ. ಆರು ಯಂತ್ರಗಳ ಘಟಕಕ್ಕೆ ಇಪ್ಪತ್ತೈದಕ್ಕೆ ಕಡಿಮೆಯಿಲ್ಲ. ಯಂತ್ರವನ್ನು ಕೊಳ್ಳುವುದು ಒಮ್ಮೆಯ ವೆಚ್ಚ, ಅದಕ್ಕೆ ಉದ್ಘಾಟನೆಯುಂಟು, ಫಲಕವುಂಟು. ಹುದ್ದೆಯನ್ನು ತುಂಬುವುದು ಪ್ರತಿ ತಿಂಗಳ ವೆಚ್ಚ, ಅದಕ್ಕೆ ಫಲಕವಿಲ್ಲ. ಪಿಡುಗಿನ ಕಾಲದಲ್ಲಿ ಜಿಲ್ಲೆಗಳಿಗೆ ಬಂದ ಅನೇಕ ಯಂತ್ರಗಳು ನಡೆಸುವವರಿಲ್ಲದೆ ಕೋಣೆಗಳಲ್ಲಿ ಉಳಿದುದಕ್ಕೆ ಈ ಅಸಮತೆಯೇ ಕಾರಣ. ಆದಕಾರಣ ಮುಂದಿನ ಆಯವ್ಯಯದಲ್ಲಿ ಯಾವ ಆಸ್ಪತ್ರೆಗಾಗಲಿ ಹತ್ತು ಯಂತ್ರಗಳನ್ನು ಕೊಡುವ ಪ್ರಸ್ತಾಪ ಬಂದರೆ, ಆರನ್ನು ಕೊಟ್ಟು ಉಳಿದ ಹಣದಿಂದ ಕೈಗಳನ್ನು ಒದಗಿಸುವುದು ಹೆಚ್ಚು ಜೀವಗಳನ್ನು ಉಳಿಸೀತು. ಮತ್ತು ಪ್ರತಿಯೊಂದು ಘಟಕವೂ ತಿಂಗಳಿಗೊಮ್ಮೆ, ಎಷ್ಟು ದಿನ ಯಂತ್ರಗಳು ನಡೆದವು, ಎಷ್ಟು ಮಂದಿಗೆ ನ್ಯುಮೋನಿಯಾ ಬಂದಿತು, ಎಷ್ಟು ನಳಿಗೆಗಳು ಅಕಾಲದಲ್ಲಿ ಕಳಚಿದವು ಎಂಬ ಮೂರು ಅಂಕಿಗಳನ್ನು ತನ್ನ ಬಾಗಿಲಲ್ಲಿಯೇ ಪ್ರಕಟಿಸುವುದನ್ನು ಅದಕ್ಕೆ ಷರತ್ತಾಗಿ ವಿಧಿಸುವುದು ಉಚಿತ.